ಅಸರ್ ಹಾಳೆ: ತರಗತಿಗೆ ಎಷ್ಟು ಉಪಯೋಗ?

ಶಿಕ್ಷಣ ಕ್ಷೇತ್ರದ ಸ್ವಯಂಸೇವಾ ಸಂಸ್ಥೆ ಪ್ರಥಮ್, ಮಕ್ಕಳ ಓದು, ಲೆಕ್ಕ ಅಳೆಯಲು 2005ರಿಂದ ಹಳ್ಳಿಗಳ ಮನೆಮನೆ ಸಮೀಕ್ಷೆಗೆ ಬಳಸುತ್ತಿರುವ ಅಸರ್ ಪರೀಕ್ಷಾ ಹಾಳೆ ಕನ್ನಡದಲ್ಲೂ ಪುಕ್ಕಟೆ ಸಿಗುತ್ತದೆ. ನಾಲ್ಕು, ಐದನೇ ತರಗತಿಯಲ್ಲಿ ಪಾಠ ಎಲ್ಲಿಂದ ಶುರುಮಾಡಬೇಕು ಅನ್ನೋ ಗೊಂದಲವನ್ನು ಇದು ಅರ್ಧ ಬಗೆಹರಿಸುತ್ತದೆ. ಇನ್ನರ್ಧ ನಿಮ್ಮ ಕೆಲಸ.

ಓದಿಗೆ ನಾಲ್ಕು ಮಟ್ಟ: ಅಕ್ಷರ, ಪದ, ಒಂದನೇ ತರಗತಿಯ ಪ್ಯಾರಾ, ಎರಡನೇ ತರಗತಿಯ ಕಥೆ. ಶುರು ಪ್ಯಾರಾದಿಂದ. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ಪದಪದ ಬಿಡಿಸದೆ ವಾಕ್ಯವಾಗಿ ಓದಿದರೆ ಕಥೆ ಕೊಡಿ. ಇಲ್ಲವಾದರೆ ಪದಕ್ಕೆ ಇಳಿಸಿ. ಐದು ಪದದಲ್ಲಿ ನಾಲ್ಕು ಸರಿ ಬರಬೇಕು, ಅಕ್ಷರಕ್ಕೂ ಅದೇ ಲೆಕ್ಕ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ. ಎಲ್ಲರೆದುರು ಓದಿಸಿದರೆ ನಾಲ್ಕನೇ ಮಗುವಿಗೆ ಪ್ಯಾರಾ ಬಾಯಿಪಾಠ ಆಗಿರುತ್ತದೆ. ನಡುವೆ ಹೇಳಿಕೊಡುವ ನಮ್ಮ ಚಾಳಿಯನ್ನೂ ತಡೆದುಕೊಳ್ಳಬೇಕು.

ಹಾಳೆಯ ದೊಡ್ಡ ಕೊರತೆ ಅಕ್ಷರಕ್ಕೂ ಪದಕ್ಕೂ ನಡುವೆ ಇದೆ. ಗ, ಳ ಎರಡನ್ನೂ ಗುರುತಿಸುವ ಮಗು 'ಗಿಳಿ'ಯನ್ನು 'ಗಳ' ಅಂತ ಓದಿದರೆ ಅದು ಎಡವಿದ್ದು ಕಾಗುಣಿತದಲ್ಲಿ, ಆದರೆ ಹಾಳೆ ಅದನ್ನು 'ಅಕ್ಷರ ಮಟ್ಟ' ಅಂದುಬಿಡುತ್ತದೆ. ಹಾಗಾಗಿ ಗೀ, ಳು, ಮೆ, ಕೋ ಹೀಗೆ ಕಲಸಿ ಬರೆದ ಚೀಟಿಯೊಂದು ಜೊತೆಗಿರಲಿ. ಸಾಲಾಗಿ ಬರೆದರೆ ರಾಗ ಹಿಡಿದು ಒಪ್ಪಿಸುತ್ತಾರೆ, ಓದುವುದಿಲ್ಲ. 'ರಸ್ತೆ'ಯನ್ನು 'ರಸತೆ' ಅನ್ನುವವರಿಗೆ ಬೇಕಿರುವುದು ಒತ್ತಕ್ಷರ. ಅವರನ್ನು ಮತ್ತೆ ಅ, ಆ ತಿದ್ದಲು ಕೂರಿಸುವುದು ಶಿಕ್ಷೆ.

ಲೆಕ್ಕದ ಹಾಳೆ ಇನ್ನೂ ಚೊಕ್ಕ. ದಶಕ ತೆಗೆದುಕೊಂಡು ಕಳೆಯುವ ಎರಡಂಕಿಯ ಲೆಕ್ಕ ಎರಡು, ಎರಡೂ ಸರಿಯಾದರೆ ಭಾಗಾಕಾರ. ಇಲ್ಲದಿದ್ದರೆ 11ರಿಂದ 99ರ ಸಂಖ್ಯೆ ಗುರುತಿಸುವುದು, ಆಮೇಲೆ 1ರಿಂದ 9. ಸರಿ-ತಪ್ಪು ಹಾಕಿ ಮುಗಿಸಬೇಡಿ, ಉತ್ತರ ನೋಡಿ. 52ರಲ್ಲಿ 27 ಕಳೆದು 35 ಬರೆದ ಮಗು 7ರಲ್ಲಿ 2 ಕಳೆದಿದೆ. ಇದಕ್ಕೆ ಮಗ್ಗಿ ಮದ್ದಲ್ಲ. ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, 27 ತೆಗೆ ಅನ್ನಿ. ಏಳು ಬಿಡಿ ಸಿಗದೆ ಮಗು ತಾನೇ ಕಟ್ಟು ಬಿಚ್ಚುತ್ತದೆ.

ಮಟ್ಟ ಗೊತ್ತಾದ ಮೇಲೆ ತರಗತಿ ಮರೆತು, ದಿನಕ್ಕೆ ಒಂದು ಗಂಟೆ ಮಟ್ಟದ ಪ್ರಕಾರ ಗುಂಪು ಕೂರಿಸಿ. ಗುಂಪಿಗೆ 'ದಡ್ಡರು' ಅನ್ನೋ ಹೆಸರು ಅಂಟದ ಹಾಗೆ ತಿಂಗಳಿಗೊಮ್ಮೆ ಬೇರೆ ಮಾದರಿ ಹಾಳೆಯಿಂದ ಅಳೆದು, ಮುಂದೆ ಹೋದವರನ್ನು ಅಂದೇ ಮೇಲಿನ ಗುಂಪಿಗೆ ಕಳಿಸಿ. ಕಥೆ ಸರಾಗ ಓದುವವರಿಗೆ ಈ ಹಾಳೆ ಸಾಲದು: ಓದಿದ್ದು ಅರ್ಥವಾಯಿತೇ ಎಂದು ನೀವೇ ಎರಡು ಪ್ರಶ್ನೆ ಕೇಳಬೇಕು, ಬರವಣಿಗೆಗೂ ಬೇರೆ ದಾರಿ ನೋಡಿಕೊಳ್ಳಬೇಕು.