ಮನಸ್ಸಿನ ಪಾಠಕ್ಕೆ ಎಚ್‌ಫೈವ್‌ಪಿ: ಅಂಕ ಕೊಡುವ ಚಾಳಿ ಬಿಡಿಸಿದರೆ ಒಳ್ಳೆಯ ಸಾಧನ

ಕೋಡ್ ಬರೆಯಲು ಬಾರದ ಮೇಷ್ಟ್ರೂ ಬ್ರೌಸರ್‌ನಲ್ಲೇ ಕುಳಿತು ಪ್ರಶ್ನೋತ್ತರ, ಕವಲೊಡೆಯುವ ಕಥೆ, ನಡುವೆ ನಿಂತು ಪ್ರಶ್ನೆ ಕೇಳುವ ವಿಡಿಯೊ ಕಟ್ಟಬಹುದಾದ ಮುಕ್ತ ತಂತ್ರಾಂಶ ಎಚ್‌ಫೈವ್‌ಪಿ. ನಾರ್ವೆಯ ಜೌಬೆಲ್ ಎಂಬ ಕಂಪನಿ 2013ರಲ್ಲಿ ಶುರುಮಾಡಿದ್ದು. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಮತ್ತು ಡ್ರುಪಲ್‌ಗೆ ಉಚಿತ ಪ್ಲಗಿನ್ ಇದೆ. ಆನ್‌ಲೈನ್ ತರಗತಿ ನಡೆಸುವ ತಂತ್ರಾಂಶ ಮೂಡಲ್‌ನಲ್ಲಿ 2020ರ 3.9 ಆವೃತ್ತಿಯಿಂದ ಇದು ಒಳಗೇ ಇರುವ ಚಟುವಟಿಕೆ. ಇವು ಯಾವುವೂ ಇಲ್ಲದವರು ಲೂಮಿ ಎಂಬ ಉಚಿತ ಡೆಸ್ಕ್‌ಟಾಪ್ ಎಡಿಟರ್‌ನಲ್ಲಿ ಪಾಠ ಮಾಡಿ ಒಂದೇ ಎಚ್‌ಟಿಎಂಎಲ್ ಫೈಲಾಗಿ ಹಂಚಬಹುದು. ಹಣ ಕೊಟ್ಟು ಬಳಸುವ ಹೋಸ್ಟಿಂಗ್ ಸೇವೆಯೂ ಇದೆ, ಅದರ ಮಾತು ಇಲ್ಲಿಲ್ಲ.

ವಿಜ್ಞಾನಕ್ಕೆ, ವ್ಯಾಕರಣಕ್ಕೆ ಇದು ಹೇಗೆ ಎಂದು ಬರೆದವರು ಬೇಕಾದಷ್ಟು ಜನ. ಇಲ್ಲಿ ಪರೀಕ್ಷೆಗೆ ಒಡ್ಡಿರುವುದು ಬೇರೆ ಕೆಲಸ: ಸೋಲು, ಒತ್ತಡ, ನಿದ್ದೆ, ‘ನನ್ನ ಕೈಲಾಗದು’ ಎಂಬ ಮನೋಭಾವ, ಇವುಗಳ ಬಗ್ಗೆ ಕಣ್ಣು ಕಾಣದ, ಕಿವಿ ಕೇಳದ, ಮೌಸ್ ಹಿಡಿಯಲಾಗದ, ಹಳೆಯ ಫೋನಷ್ಟೇ ಇರುವ ವಿದ್ಯಾರ್ಥಿಯೂ ಒಳಗೆ ಬರಬಹುದಾದ ಪಾಠವನ್ನು ಇದರಲ್ಲಿ ಕಟ್ಟಬಹುದೇ? ಕಟ್ಟಬಹುದು. ಆದರೆ ಈ ಸಾಧನ ಹುಟ್ಟಿದ್ದೇ ಸರಿ-ತಪ್ಪು ಹೇಳುವುದಕ್ಕೆ. ಬಂದ ಹಾಗೇ ಬಳಸಿದರೆ, ‘ಇವತ್ತು ಹೇಗನಿಸುತ್ತಿದೆ?’ ಎಂಬ ಪ್ರಶ್ನೆಗೆ ‘ಬೇಸರ’ ಎಂದು ಒತ್ತಿದ ಮಗುವಿಗೆ ಅದು 1ಕ್ಕೆ 0 ಕೊಟ್ಟು ಕಳಿಸುತ್ತದೆ. ಯಾವ ಆಯ್ಕೆಯನ್ನೂ ‘ಸರಿ’ ಎಂದು ಗುರುತಿಸದೆ ಬಿಟ್ಟರಾಯಿತಲ್ಲ ಎಂದು ಹಲವರು ಅಂದುಕೊಳ್ಳುತ್ತಾರೆ. ಹಾಗೆ ಬಿಟ್ಟರೆ ಏನನ್ನೂ ಒತ್ತದಿರುವುದೇ ಸರಿಯುತ್ತರವಾಗುತ್ತದೆ, ಒತ್ತಿದ್ದೆಲ್ಲ ತಪ್ಪಾಗುತ್ತದೆ.

ಮೂಡ್ ಕೇಳುವ ಪ್ರಶ್ನೆ ಎಲ್ಲಿ ಇಡಬೇಕು

ಎಚ್‌ಫೈವ್‌ಪಿಯಲ್ಲಿರುವ ಐವತ್ತಕ್ಕೂ ಹೆಚ್ಚು ಚಟುವಟಿಕೆ ಬಗೆಗಳ ಪಟ್ಟಿಯಲ್ಲಿ ಈ ಕೆಲಸಕ್ಕೆ ಸರಿಹೊಂದುವುದು ‘ಕ್ವೆಶ್ಚನೇರ್’. ಅದರಲ್ಲಿ ಅಂಕವಿಲ್ಲ, ಕೆಂಪು-ಹಸಿರು ಇಲ್ಲ. ಆಯ್ಕೆಯ ಪ್ರಶ್ನೆ ಮತ್ತು ಬರೆದು ಉತ್ತರಿಸುವ ಪ್ರಶ್ನೆ ಎರಡೇ ಬಗೆ. ಪ್ರತಿ ಪ್ರಶ್ನೆಗೂ ‘ಕಡ್ಡಾಯ’ ಎಂಬ ಟಿಕ್ ಪೆಟ್ಟಿಗೆ ಇದೆ, ಅದನ್ನು ಖಾಲಿ ಬಿಡಿ. ಹೇಳಿಕೊಳ್ಳದಿರುವ ಹಕ್ಕು ವಿದ್ಯಾರ್ಥಿಗೆ ಇರಬೇಕು. ‘ಈಗ ಹೇಳಲು ಇಷ್ಟವಿಲ್ಲ’ ಎಂಬುದನ್ನು ಒಂದು ಆಯ್ಕೆಯಾಗಿಯೇ ಕೊಟ್ಟರೆ ಇನ್ನೂ ಒಳ್ಳೆಯದು. ಬರೀ ಎಮೋಜಿ ಮುಖಗಳನ್ನು ಸಾಲಾಗಿ ಇಡಬೇಡಿ. ಮುಖಭಾವ ಓದುವುದು ಕಷ್ಟವಾದ ಮಕ್ಕಳಿದ್ದಾರೆ. ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆ ಮುಖಕ್ಕೆ ಯೂನಿಕೋಡ್ ಇಟ್ಟ ಹೆಸರನ್ನು ಓದುತ್ತದೆಯೇ ಹೊರತು ನೀವು ಅಂದುಕೊಂಡ ಅರ್ಥವನ್ನಲ್ಲ. ‘ದಣಿವು’, ‘ಕಿರಿಕಿರಿ’, ‘ಹಗುರ’ ಎಂದು ಪದದಲ್ಲೇ ಬರೆಯಿರಿ, ಮುಖ ಬೇಕಿದ್ದರೆ ಪಕ್ಕಕ್ಕೆ.

ಈ ಉತ್ತರಗಳು ಎಲ್ಲಿಗೆ ಹೋಗುತ್ತವೆ ಎಂಬುದು ಪಾಠ ಹಾಕುವ ಮೊದಲೇ ಗೊತ್ತಿರಬೇಕು. ವರ್ಡ್‌ಪ್ರೆಸ್ ಪ್ಲಗಿನ್ ಫಲಿತಾಂಶವಾಗಿ ತೋರಿಸುವುದು ಒಟ್ಟು ಅಂಕ ಮತ್ತು ಸಮಯವನ್ನಷ್ಟೇ. ಬಿಡಿ ಉತ್ತರಗಳು ಎಕ್ಸ್‌ಎಪಿಐ (ಕಲಿಕೆಯ ದಾಖಲೆಗಳನ್ನು ಕಳಿಸುವ ಮಾನದಂಡ) ಸಂದೇಶವಾಗಿ ಹೊರಬರುತ್ತವೆ, ಹಿಡಿದಿಡುವ ವ್ಯವಸ್ಥೆ ಇಲ್ಲದಿದ್ದರೆ ಗಾಳಿಗೆ ಹೋಗುತ್ತವೆ. ಮನಸ್ಸಿನ ಪಾಠಕ್ಕೆ ಇದು ಕೊರತೆಯಲ್ಲ, ಅನುಕೂಲ. ಮೂಡಲ್ ಹಾಗಲ್ಲ: ಪ್ರಯತ್ನ ದಾಖಲಿಸುವ ಸೆಟ್ಟಿಂಗ್ ಆನ್ ಇದ್ದರೆ ಉತ್ತರ ಹೆಸರಿನೊಂದಿಗೆ ಶಿಕ್ಷಕರ ವರದಿಯಲ್ಲಿ ಕೂತಿರಬಹುದು. ಆ ಚಟುವಟಿಕೆಯ ಮಟ್ಟಿಗೆ ಅದನ್ನು ಆಫ್ ಮಾಡಿ, ಇಲ್ಲವೇ ‘ಇದನ್ನು ನಿಮ್ಮ ಮೇಷ್ಟ್ರು ಓದುತ್ತಾರೆ’ ಎಂದು ಪ್ರಶ್ನೆಗೆ ಮೊದಲೇ ನೇರವಾಗಿ ಬರೆಯಿರಿ. ನಡುವಿನ ದಾರಿ ಇಲ್ಲ.

ಖಿನ್ನತೆ ಅಳೆಯಲು ವೈದ್ಯರು ಬಳಸುವ ಪ್ರಶ್ನಾವಳಿಗಳನ್ನು, ಉದಾಹರಣೆಗೆ ಪಿಎಚ್‌ಕ್ಯು-9 ಅನ್ನು, ಎಚ್‌ಫೈವ್‌ಪಿಯಲ್ಲಿ ಟೈಪಿಸಿ ಹಾಕುವ ಉತ್ಸಾಹ ಬೇಡವೇ ಬೇಡ. ಅದರ ಒಂಬತ್ತನೇ ಪ್ರಶ್ನೆ ಸಾವಿನ, ಸ್ವಂತಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ರಾತ್ರಿ ಹನ್ನೊಂದಕ್ಕೆ ಒಬ್ಬ ವಿದ್ಯಾರ್ಥಿ ಅದಕ್ಕೆ ‘ಹಲವು ದಿನ’ ಎಂದು ಒತ್ತಿದರೆ ಈ ಸಾಧನ ಯಾರನ್ನೂ ಎಬ್ಬಿಸುವುದಿಲ್ಲ. ಯಾರೂ ಓದದ ಕಡೆ ಅಂಥ ಪ್ರಶ್ನೆ ಕೇಳುವುದಕ್ಕಿಂತ ಕೇಳದಿರುವುದು ಲೇಸು. ಸಹಾಯವಾಣಿಯ ಸಂಖ್ಯೆ, ಮಾತಾಡಬಹುದಾದ ಹಿರಿಯರ ಹುದ್ದೆ, ಇವೆರಡೂ ಪಾಠದ ಮೊದಲ ಪರದೆಯಲ್ಲೂ ಕೊನೆಯ ಪರದೆಯಲ್ಲೂ ಇರಲಿ. ಮಧ್ಯದಲ್ಲಿ ಬಿಟ್ಟು ಹೋಗುವವರೂ ಇರುತ್ತಾರೆ, ಕೊನೆಯಲ್ಲಿ ಮಾತ್ರ ಇಟ್ಟರೆ ಬೇಕಾದವರಿಗೆ ಸಿಗುವುದಿಲ್ಲ.

ಕವಲು ಕಥೆ: ಇದಕ್ಕಾಗಿಯೇ ಇದನ್ನು ಆರಿಸಿಕೊಳ್ಳಬಹುದು

‘ಬ್ರಾಂಚಿಂಗ್ ಸಿನಾರಿಯೊ’ ಎಚ್‌ಫೈವ್‌ಪಿಯ ಬಲಗೈ. ಒಂದು ಸನ್ನಿವೇಶ, ಎರಡು ಮೂರು ಆಯ್ಕೆ, ಪ್ರತಿ ಆಯ್ಕೆಗೂ ಬೇರೆ ಮುಂದುವರಿಕೆ. ಅಂಕದ ಸೆಟ್ಟಿಂಗ್‌ನಲ್ಲಿ ಮೂರು ದಾರಿಗಳಿವೆ: ಕೊನೆಗೊಂದು ನಿಗದಿತ ಅಂಕ, ಹಾದಿಯುದ್ದಕ್ಕೂ ಕೂಡುತ್ತ ಹೋಗುವ ಅಂಕ, ಅಂಕವೇ ಇಲ್ಲ. ಮೂರನೆಯದನ್ನು ಆರಿಸಿ. ಹಿಂದಿನ ಪರದೆಗೆ ಮರಳಲು ಅವಕಾಶ ಕೊಡುವ ಟಿಕ್ಕನ್ನೂ ಹಾಕಿ. ‘ಅಯ್ಯೋ, ಬೇರೆಯದು ಒತ್ತಿದ್ದರೆ ಏನಾಗುತ್ತಿತ್ತು’ ಎಂದು ವಾಪಸು ಹೋಗಿ ನೋಡುವುದೇ ಇಲ್ಲಿ ಕಲಿಕೆ.

ಲೆಕ್ಕ ತಪ್ಪುವುದು ಇಲ್ಲೇ. ಮೂರು ಹಂತ, ಹಂತಕ್ಕೆ ಮೂರು ಆಯ್ಕೆ ಎಂದರೆ 27 ಮುಕ್ತಾಯಗಳು. ಅಷ್ಟನ್ನು ಯಾರೂ ಚೆನ್ನಾಗಿ ಬರೆಯಲಾರರು, ಹತ್ತನೆಯದರಿಂದಲೇ ಉಪದೇಶ ಶುರುವಾಗುತ್ತದೆ. ಎಡಿಟರ್‌ನಲ್ಲಿ ಒಂದು ಕವಲನ್ನು ಈಗಾಗಲೇ ಇರುವ ಇನ್ನೊಂದು ಕವಲಿಗೆ ಜೋಡಿಸಬಹುದು. ಎರಡನೇ ಹಂತದ ನಂತರ ದಾರಿಗಳನ್ನು ಕೂಡಿಸಿ ಮೂರು ನಾಲ್ಕು ಮುಕ್ತಾಯಕ್ಕೆ ಇಳಿಸಿ. ಮೊದಲು ಕಾಗದದ ಮೇಲೆ ಬಳ್ಳಿ ಬರೆದುಕೊಳ್ಳದೆ ಎಡಿಟರ್ ತೆರೆದರೆ, ಸಣ್ಣ ಪರದೆಯಲ್ಲಿ ಆ ಮರವನ್ನು ಎಳೆದಾಡುವುದರಲ್ಲೇ ಸಂಜೆಯಾಗುತ್ತದೆ.

ಸನ್ನಿವೇಶ ಹೀಗಿರಬಹುದು: ಗಣಿತದ ಕಿರುಪರೀಕ್ಷೆಯಲ್ಲಿ 25ಕ್ಕೆ 9 ಬಂದಿದೆ. ಉತ್ತರಪತ್ರಿಕೆಯನ್ನು ಬ್ಯಾಗಿಗೆ ತುರುಕುವುದು, ಪಕ್ಕದವರ ಅಂಕ ಕೇಳುವುದು, ಎಲ್ಲಿ ಜಾರಿತು ಎಂದು ಒಂದೊಂದೇ ಲೆಕ್ಕಕ್ಕೆ ಗುರುತು ಹಾಕುವುದು. ಮೂರೂ ಮನುಷ್ಯರು ಮಾಡುವಂಥವೇ ಆಗಿರಬೇಕು. ಮೂರನೆಯದನ್ನು ಮಾತ್ರ ಉದ್ದವಾಗಿ, ಸಭ್ಯ ಭಾಷೆಯಲ್ಲಿ ಬರೆದರೆ ‘ಮೇಷ್ಟ್ರಿಗೆ ಬೇಕಾದದ್ದು ಇದು’ ಎಂದು ಮಕ್ಕಳು ಎರಡು ಸೆಕೆಂಡಿನಲ್ಲಿ ಹಿಡಿಯುತ್ತಾರೆ. ಮೂರರ ಉದ್ದವೂ ಹತ್ತಿರಹತ್ತಿರ ಇರಲಿ. ಬ್ಯಾಗಿಗೆ ತುರುಕಿದವರಿಗೂ ಶಿಕ್ಷೆಯಂಥ ಮುಕ್ತಾಯ ಬೇಡ, ‘ಆ ಹೊತ್ತಿಗೆ ಉಸಿರಾಡಲು ಜಾಗ ಸಿಕ್ಕಿತು, ಗುರುವಾರ ಮತ್ತೆ ಅದೇ ಅಧ್ಯಾಯ ಬಂತು’ ಎಂಬಷ್ಟು ಸಾಕು. ಪರದೆಗೆ 60 ಪದ ಮೀರದಿರಲಿ.

ಪತ್ರ ಬರೆಸುವುದು

ಬೆಳೆಯುವ ಮನೋಭಾವದ (ಸಾಮರ್ಥ್ಯವನ್ನು ಬೆಳೆಸಿಕೊಳ್ಳಬಹುದು ಎಂಬ ನಂಬಿಕೆಯ) ಪಾಠಗಳಲ್ಲಿ ಹೆಚ್ಚು ಕೆಡುವುದು ಸಂದೇಶವೇ. ‘ಪ್ರಯತ್ನಪಟ್ಟರೆ ಎಲ್ಲ ಸಾಧ್ಯ’ ಎಂಬ ಮಾತು, ಪ್ರಯತ್ನಪಟ್ಟೂ ಆಗದವರ ಕಿವಿಗೆ ‘ನೀನು ಸಾಲದಷ್ಟು ಪ್ರಯತ್ನಪಟ್ಟೆ’ ಎಂದು ಕೇಳಿಸುತ್ತದೆ. ಪ್ರಯತ್ನದ ಜೊತೆಗೆ ವಿಧಾನ ಬದಲಿಸುವುದು, ಸಹಾಯ ಕೇಳುವುದು, ಇವೂ ಪಾಠದಲ್ಲಿ ಬರಬೇಕು. ಇದರ ಪ್ರಭಾವ ಎಷ್ಟು ಎಂಬುದರಲ್ಲೂ ಅಳತೆ ಇರಲಿ. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಒಂಬತ್ತನೇ ತರಗತಿಯ ಸುಮಾರು 12 ಸಾವಿರ ವಿದ್ಯಾರ್ಥಿಗಳಿದ್ದರು. ಎರಡು ಕಂತಿನ, ಒಟ್ಟು ಒಂದು ಗಂಟೆಗೂ ಕಡಿಮೆಯ ಆನ್‌ಲೈನ್ ಪಾಠದಿಂದ ಓದಿನಲ್ಲಿ ಹಿಂದಿದ್ದವರ ಸರಾಸರಿ ಗ್ರೇಡ್ 0.10 ಅಂಶ ಏರಿತು. ಚಿಕ್ಕದು, ಆದರೆ ಖರ್ಚಿಗೆ ಹೋಲಿಸಿದರೆ ಸಣ್ಣದಲ್ಲ. ಸುತ್ತಲಿನ ಸಹಪಾಠಿಗಳ ವಾತಾವರಣ ಆ ಸಂದೇಶಕ್ಕೆ ಹೊಂದುವ ಶಾಲೆಗಳಲ್ಲಿ ಪರಿಣಾಮ ಹೆಚ್ಚು ಕಂಡಿತು.

ಇಂಥ ಪಾಠಗಳ ಜೀವಾಳ, ವಿದ್ಯಾರ್ಥಿ ತಾನು ಓದಿದ್ದನ್ನು ಮುಂದಿನ ವರ್ಷ ಬರುವ ಕಿರಿಯರಿಗೆ ಹೇಳುವಂತೆ ಬರೆಯುವುದು. ಅದಕ್ಕೆ ಎಚ್‌ಫೈವ್‌ಪಿಯ ‘ಎಸ್ಸೆ’ ಬಳಸಬೇಡಿ. ಅದು ನೀವು ಕೊಟ್ಟ ಪದಗಳು ಬಂದಿವೆಯೇ ಎಂದು ಹುಡುಕಿ ಅಂಕ ಹಾಕುತ್ತದೆ. ‘ಮಿದುಳು’ ಎಂದು ನಾಲ್ಕು ಸಲ ಬರೆದವನು ಗೆದ್ದ! ‘ಡಾಕ್ಯುಮೆಂಟೇಶನ್ ಟೂಲ್’ ಸರಿ: ಪುಟಪುಟವಾಗಿ ಪ್ರಶ್ನೆ ಕೇಳಿ, ಬರೆದದ್ದನ್ನೆಲ್ಲ ಕೊನೆಗೆ ವರ್ಡ್ ಫೈಲಾಗಿ ಇಳಿಸಿಕೊಳ್ಳಲು ಕೊಡುತ್ತದೆ. ಇಲ್ಲಿ ಒಂದು ಹಳ್ಳ ಇದೆ, ಬಿದ್ದವರು ಬಹಳ. ಸ್ಥಿತಿ ಉಳಿಸುವ, ಅಂದರೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ನೆನಪಿಟ್ಟುಕೊಳ್ಳುವ ಸೆಟ್ಟಿಂಗ್ ಆಫ್ ಇದ್ದು, ಇಳಿಸಿಕೊಳ್ಳುವ ಮೊದಲೇ ಪುಟ ಮುಚ್ಚಿದರೆ ಬರೆದದ್ದು ಹೋಯಿತು. ಆನ್ ಮಾಡಿದರೆ ಉಳಿಯುತ್ತದೆ, ಆದರೆ ಒಂದೇ ಲಾಗಿನ್ ಅನ್ನು ಇಬ್ಬರು ಬಳಸುವ ಕಡೆ ಅಕ್ಕನ ಮಾತು ತಮ್ಮನಿಗೆ ಕಾಣುತ್ತದೆ. ಎರಡನೇ ಪುಟದಲ್ಲೇ ‘ಬರೆದು ಮುಗಿದ ತಕ್ಷಣ ಇಳಿಸಿಕೊಳ್ಳಿ’ ಎಂಬ ಸಾಲು ಹಾಕುವುದು ಈ ಜಂಜಾಟಕ್ಕೆ ಸುಲಭದ ಮದ್ದು.

ಉಸಿರು, ಧ್ವನಿ, ವಿಡಿಯೊ

ಹಿಗ್ಗಿ ಕುಗ್ಗುವ ವೃತ್ತದ ಜಿಫ್ ಹಾಕಿ ‘ಇದರ ಜೊತೆ ಉಸಿರಾಡಿ’ ಎನ್ನುವುದು ಈಗ ಎಲ್ಲೆಲ್ಲೂ ಇದೆ. ಜಿಫ್‌ಗೆ ನಿಲ್ಲಿಸುವ ಗುಂಡಿ ಇಲ್ಲ. ಐದು ಸೆಕೆಂಡಿಗೂ ಹೆಚ್ಚು ತಾನಾಗಿ ಅಲ್ಲಾಡುವ ಚಿತ್ರವನ್ನು ನಿಲ್ಲಿಸಲು ದಾರಿ ಇರಬೇಕು ಎಂಬುದು ವೆಬ್ ಸುಗಮ್ಯತೆಯ ಮಾನದಂಡ ಡಬ್ಲ್ಯುಸಿಎಜಿಯ ಮೂಲಮಟ್ಟದ ನಿಯಮ. ಕಣ್ಣು ಕಾಣದವರಿಗಂತೂ ಆ ವೃತ್ತದಿಂದ ಏನೂ ಸಿಗದು. ಒಂದರ ಕೆಳಗೊಂದು ಜೋಡಿಸುವ ‘ಕಾಲಮ್’ ಬಗೆಯಲ್ಲಿ ಒಂದು ಧ್ವನಿ ತುಣುಕು, ಕೆಳಗೆ ಅದೇ ಮಾತುಗಳ ಪಠ್ಯ ಇಡಿ: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ಸುತ್ತು, ಒಟ್ಟು 50 ಸೆಕೆಂಡ್. ಉಸಿರು ಕಟ್ಟಿ ಹಿಡಿಯುವುದನ್ನು ಸೇರಿಸಬೇಡಿ. ಆಸ್ತಮಾ ಇರುವವರಿಗೆ, ಉಸಿರಿನ ಮೇಲೆ ಗಮನ ಹೋದರೆ ಆತಂಕ ಏರುವವರಿಗೆ ಪಕ್ಕದಲ್ಲೇ ಇನ್ನೊಂದು ಆಯ್ಕೆ ಬೇಕು: ಎರಡೂ ಅಂಗೈಗಳನ್ನು ಒಂದಕ್ಕೊಂದು ಒತ್ತಿ ಬಿಡುವುದಾಗಲಿ, ಸುತ್ತಲಿನ ವಸ್ತುಗಳನ್ನು ಎಣಿಸುವುದಾಗಲಿ. ‘ಕಣ್ಣು ಮುಚ್ಚಿ’ ಎಂದು ಆಜ್ಞಾಪಿಸದೆ ‘ಮುಚ್ಚಬಹುದು, ತೆರೆದೂ ಇರಬಹುದು’ ಎನ್ನಿ. ಐದು ನೋಡಿ, ನಾಲ್ಕು ಮುಟ್ಟಿ, ಮೂರು ಕೇಳಿ, ಎರಡು ಮೂಸಿ, ಒಂದು ರುಚಿ ಎಂಬ ಪ್ರಸಿದ್ಧ ಅಭ್ಯಾಸವನ್ನು ‘ಯಾವ ಇಂದ್ರಿಯದಿಂದಾದರೂ ಐದು’ ಎಂದು ಸಡಿಲಿಸಿದರೆ ಯಾರೂ ಹೊರಗುಳಿಯುವುದಿಲ್ಲ.

ತೂಕದ ಮಾತೂ ಇದೆ. ಮೂರು ನಿಮಿಷದ ಮೊನೊ ಧ್ವನಿ 64 ಕೆಬಿಪಿಎಸ್‌ನಲ್ಲಿ ಸುಮಾರು 1.4 ಎಂಬಿ. ಅಷ್ಟೇ ಉದ್ದದ ವಿಡಿಯೊ 1.5 ಎಂಬಿಪಿಎಸ್‌ನಲ್ಲಿ 34 ಎಂಬಿ ಹತ್ತಿರ. ಎಚ್‌ಫೈವ್‌ಪಿ ಚಿತ್ರಗಳನ್ನು ತಾನಾಗಿ ಕುಗ್ಗಿಸುವುದಿಲ್ಲ, ಫೋನಿನಲ್ಲಿ ತೆಗೆದದ್ದನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕಿ. ಅಪ್‌ಲೋಡ್ ಅರ್ಧಕ್ಕೆ ನಿಂತರೆ ಎಚ್‌ಫೈವ್‌ಪಿಯನ್ನು ಬಯ್ಯಬೇಡಿ. ಸರ್ವರ್‌ನಲ್ಲಿ ಇದನ್ನು ಓಡಿಸುವ ಪಿಎಚ್‌ಪಿ ಭಾಷೆಯಲ್ಲಿ ಅಪ್‌ಲೋಡ್‌ಗೆ ಮೂಲ ಮಿತಿ 2 ಎಂಬಿ, ಸರ್ವರ್ ನೋಡಿಕೊಳ್ಳುವವರು ಅದನ್ನು ಏರಿಸಬೇಕು.

ವಿಡಿಯೊ ಬೇಕೇ ಬೇಕು ಎಂದಾದರೆ ‘ಇಂಟರ್‌ಆಕ್ಟಿವ್ ವಿಡಿಯೊ’ ಚೆನ್ನಾಗಿದೆ. ಸ್ವಂತ ಫೈಲ್ ಹಾಕಿದಾಗ ಮಾತನ್ನು ಬರಹದಲ್ಲಿ ತೋರಿಸುವ ಅಡಿಬರಹಗಳನ್ನು ವೆಬ್‌ವಿಟಿಟಿ ಎಂಬ ಬಗೆಯ ಫೈಲಾಗಿ ಸೇರಿಸಬಹುದು. ಮುಂದಕ್ಕೆ ಓಡಿಸದಂತೆ ತಡೆಯುವ ಸೆಟ್ಟಿಂಗ್ ಕಂಡರೆ ಕೈ ಹಚ್ಚಬೇಡಿ: ಕಸಿವಿಸಿ ತರುವ ಭಾಗವನ್ನು ದಾಟಿಹೋಗಲು ಬಿಡದ ಕ್ಷೇಮಪಾಠಕ್ಕೆ ಅರ್ಥವಿಲ್ಲ.

ಒಳಗೆ ಬರಲಾಗದ ಬಾಗಿಲುಗಳು

ಎಲ್ಲ ಬಗೆಗಳೂ ಒಂದೇ ಸಮ ಸುಗಮವಲ್ಲ. ಚಿತ್ರದ ಮೇಲೆ ಸರಿಯಾದ ಜಾಗ ಒತ್ತಿಸುವ ‘ಫೈಂಡ್ ದ ಹಾಟ್‌ಸ್ಪಾಟ್’ ಕೀಬೋರ್ಡ್‌ನವರಿಗೆ ಮುಚ್ಚಿದ ಬಾಗಿಲು. ‘ಡ್ರ್ಯಾಗ್ ಆ್ಯಂಡ್ ಡ್ರಾಪ್’ ಕೀಬೋರ್ಡ್‌ನಲ್ಲಿ ನಡೆಯುತ್ತದೆ, ಆದರೆ ಇಳಿಸುವ ಜಾಗ ಐದು ದಾಟಿದರೆ ಸ್ಕ್ರೀನ್ ರೀಡರ್ ಕೇಳುತ್ತ ಕೂತವರಿಗೆ ಯಾವುದು ಎಲ್ಲಿತ್ತು ಎಂಬುದೇ ಮರೆತುಹೋಗುತ್ತದೆ. ‘ಕೋರ್ಸ್ ಪ್ರೆಸೆಂಟೇಶನ್’ ನೋಡಲು ಸೊಗಸು, ಸ್ಲೈಡಿನ ಆಕಾರ ಮಾತ್ರ ಬದಲಾಗದು. ಫೋನಿನಲ್ಲಿ ಇಡೀ ಸ್ಲೈಡ್ ಕುಗ್ಗಿ ಕನ್ನಡದ ಒತ್ತಕ್ಷರಗಳು ಚುಕ್ಕೆಗಳಾಗುತ್ತವೆ. ಪರದೆಗೆ ತಕ್ಕಂತೆ ಹರಿಯುವ ‘ಕಾಲಮ್’ ಅಥವಾ ‘ಇಂಟರ್‌ಆಕ್ಟಿವ್ ಬುಕ್’ ಕಣ್ಣಿಗೂ ಬೆರಳಿಗೂ ಹಿತ. ಪಠ್ಯ-ಹಿನ್ನೆಲೆಯ ವ್ಯತ್ಯಾಸ 4.5:1 ಇರಬೇಕು. ಶಾಂತಭಾವ ತರಲೆಂದು ತಿಳಿಬೂದು ಅಕ್ಷರ ಹಾಕುವವರು ಇಲ್ಲೇ ಎಡವುತ್ತಾರೆ.

ಕನ್ನಡದಲ್ಲಿ ಪಾಠ ಮಾಡುವವರಿಗೆ ಇನ್ನೆರಡು ಎಚ್ಚರಿಕೆ. ಎಡಿಟರ್‌ನ ತಳದಲ್ಲಿ ಗುಂಡಿಗಳ ಪಠ್ಯ ಬದಲಿಸುವ ವಿಭಾಗವಿದೆ. ಕಾಣುವ ‘ಚೆಕ್’, ‘ರಿಟ್ರೈ’ಗಳನ್ನಷ್ಟೇ ಕನ್ನಡಿಸಿ ಬಿಟ್ಟರೆ ಸ್ಕ್ರೀನ್ ರೀಡರ್‌ಗೆಂದೇ ಇರುವ, ಪರದೆಯಲ್ಲಿ ಕಾಣದ ಸಾಲುಗಳು ಇಂಗ್ಲಿಷಿನಲ್ಲೇ ಉಳಿದು ನಡುನಡುವೆ ಬಾಯಿ ಹಾಕುತ್ತವೆ. ಪಟ್ಟಿಯ ಕೊನೆಯವರೆಗೂ ಹೋಗಿ. ಎರಡನೆಯದು ‘ಫಿಲ್ ಇನ್ ದ ಬ್ಲ್ಯಾಂಕ್ಸ್’. ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ನೀವು ಟೈಪಿಸುವಾಗ ಸೇರಿಕೊಂಡ, ಕಣ್ಣಿಗೆ ಕಾಣದ ಜಂಟಿಮುರಿ ಚಿಹ್ನೆ (ಅಕ್ಷರಗಳು ಒತ್ತಕ್ಷರವಾಗಿ ಕೂಡದಂತೆ ತಡೆಯುವುದು) ವಿದ್ಯಾರ್ಥಿಯ ಕೀಬೋರ್ಡ್‌ನಲ್ಲಿ ಇಲ್ಲದಿದ್ದರೆ ಸರಿಯುತ್ತರವೂ ತಪ್ಪಾಗುತ್ತದೆ. ಪರ್ಯಾಯ ರೂಪಗಳನ್ನು ಓರೆಗೆರೆ ಹಾಕಿ ಕೊಡಬಹುದು, ಸಣ್ಣ ಕಾಗುಣಿತ ತಪ್ಪು ಒಪ್ಪುವ ಆಯ್ಕೆಯೂ ಇದೆ. ಆದರೂ ಈ ವಿಷಯಕ್ಕೆ ಟೈಪಿಂಗ್ ಬೇಡದ ‘ಡ್ರ್ಯಾಗ್ ದ ವರ್ಡ್ಸ್’ ಮೇಲು. ಮನಸ್ಸು ಹಗುರ ಮಾಡುವ ಪಾಠದಲ್ಲಿ ಕಾಗುಣಿತದ ಪೆಟ್ಟು ಯಾಕೆ?

ಎಚ್‌ಫೈವ್‌ಪಿ ಕೈಯೆತ್ತುವುದು ಒಂದೇ ಕಡೆ, ಅದೂ ಸಣ್ಣ ಕಡೆಯಲ್ಲ: ಇಡೀ ತರಗತಿ ಒಂದೇ ಹೊತ್ತಿಗೆ ಹೆಸರಿಲ್ಲದೆ ಉತ್ತರಿಸಿ, ‘ನನ್ನ ಹಾಗೇ ಇನ್ನೂ ಹದಿನಾಲ್ಕು ಜನಕ್ಕೆ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ’ ಎಂದು ಪರದೆಯಲ್ಲಿ ಕಾಣುವ ಸೌಲಭ್ಯ ಇದರಲ್ಲಿಲ್ಲ. ಪ್ರತಿಯೊಬ್ಬರೂ ಒಬ್ಬೊಬ್ಬರೇ ಕೂತು ಮಾಡುವ ಪಾಠ ಇದು. ಆ ಒಂದು ಚಟುವಟಿಕೆಗೆ ಮೆಂಟಿಮೀಟರ್‌ನಂಥ ನೇರ ಮತದಾನದ ಸಾಧನ ಇಟ್ಟುಕೊಂಡು, ಉಳಿದದ್ದನ್ನು ಇಲ್ಲಿ ಕಟ್ಟಿ.