ಸಪ್ತಾಪುರದ ಶನಿವಾರದ ಪ್ರಬಂಧ ತರಗತಿ: ಕ್ಷಮಾದಾನದ ಪಾಠ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ ನೀಡುವ ಕೇಂದ್ರವೊಂದರ ಶನಿವಾರದ ಪ್ರಬಂಧ ತರಗತಿಗೆ ನಾನು ಮೂರು ತಿಂಗಳಿಂದ ಹೋಗುತ್ತಿದ್ದೇನೆ. ಕಳಂಕಿತ ರಾಷ್ಟ್ರನಾಯಕನನ್ನು ಕ್ಷಮಿಸಿದರೆ ದೇಶದ ಗಾಯ ಮಾಯುತ್ತದೆಯೇ ಎಂಬುದು ಕಳೆದ ವಾರದ ವಿಷಯವಾಗಿತ್ತು.

ವಾಟರ್‌ಗೇಟ್ ಹಗರಣದಿಂದ (ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಪ್ರಕರಣವನ್ನು ಮುಚ್ಚಿಹಾಕುವ ಯತ್ನ) 1974ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ರಾಜೀನಾಮೆ ನೀಡಿದ್ದನ್ನೂ, ಸೆಪ್ಟೆಂಬರ್ 8ರಂದು, ವಿಚಾರಣೆಗೆ ಮೊದಲೇ, ಅವರ ನಂತರ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಪೂರ್ಣ ಕ್ಷಮಾದಾನ ಘೋಷಿಸಿದ್ದನ್ನೂ ಗುರುಗಳು ಹಲಗೆಯ ಎಡಕ್ಕೆ ಬರೆದರು. ಬಲಕ್ಕೆ, ದಕ್ಷಿಣ ಕೊರಿಯಾದ ಮಾಜಿ ಸೇನಾ ಸರ್ವಾಧಿಕಾರಿ ಚುನ್ ಡೂ ಹ್ವಾನ್ 1996ರಲ್ಲಿ ಶಿಕ್ಷೆಗೊಳಗಾಗಿ 1997ರ ಡಿಸೆಂಬರ್‌ನಲ್ಲಿ ಕ್ಷಮೆ ಪಡೆದದ್ದನ್ನು ಬರೆದು, ನಡುವೆ ಸೀಮೆಸುಣ್ಣದಿಂದ ಉದ್ದನೆಯ ಗೆರೆ ಎಳೆದರು. ತೀರ್ಪಿಗೆ ಮೊದಲಿನ ಕ್ಷಮೆಯೇ ಬೇರೆ, ನಂತರದ ಕ್ಷಮೆಯೇ ಬೇರೆ ಎಂಬುದನ್ನು ಆ ಗೆರೆ ಒಮ್ಮೆಲೇ ಮನದಟ್ಟು ಮಾಡಿಸಿತು.

ಫೋರ್ಡ್ 1976ರ ಚುನಾವಣೆಯಲ್ಲಿ ಸೋತರೂ 2001ರಲ್ಲಿ ಅದೇ ನಿರ್ಧಾರಕ್ಕಾಗಿ ಕೆನಡಿ ಪ್ರತಿಷ್ಠಾನದಿಂದ ಧೈರ್ಯದ ಪ್ರಶಸ್ತಿ ಪಡೆದರು. ಚುನ್ ಮಾತ್ರ 2021ರಲ್ಲಿ ಸಾಯುವವರೆಗೂ 1980ರಲ್ಲಿ ಗ್ವಾಂಗ್ಜು ನಗರದಲ್ಲಿ ಪ್ರತಿಭಟನಕಾರರ ಮೇಲೆ ಸೇನೆ ನಡೆಸಿದ ಹತ್ಯಾಕಾಂಡಕ್ಕೆ ಕ್ಷಮೆ ಕೇಳಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಅಂಥ ಕ್ಷಮಾದಾನದಿಂದ ಏನು ಸಮಾಧಾನ ಸಿಕ್ಕೀತು? ತಪ್ಪೊಪ್ಪಿಗೆಯಿಲ್ಲದ ಕ್ಷಮೆ ಗಾಯದ ಮೇಲೆ ಬರೀ ಬಟ್ಟೆ ಕಟ್ಟಿದಂತೆ ಎಂದೇ ನಾನು ಪ್ರಬಂಧದಲ್ಲಿ ಬರೆದೆ.

ನಮ್ಮ ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗಳಿಗೆ ನೀಡಿರುವ ಕ್ಷಮಾಧಿಕಾರವನ್ನು ಕೊನೆಯ ಐದು ನಿಮಿಷಕ್ಕೆ ತಳ್ಳಿದ್ದು ದೊಡ್ಡ ಕೊರತೆ. ಮುದ್ರಿತ ಟಿಪ್ಪಣಿಯಲ್ಲೂ ಅದಕ್ಕೆ ಎರಡೇ ಸಾಲು. ಆದರೆ ಪ್ರತಿ ಪ್ರಬಂಧವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ, ಎದುರಿಗೆ ಕೂಡಿಸಿಕೊಂಡು ತಿಳಿಹೇಳುವ ಶ್ರದ್ಧೆಗಾಗಿ ಈ ತರಗತಿಗೆ ಸೇರಲು ನಿಸ್ಸಂಕೋಚವಾಗಿ ಹೇಳುತ್ತೇನೆ.