ಸೀಸನ್‌ವಾಚ್: ಬೀದಿಮರ ನೋಡಿಕೊಳ್ಳುವ ಮಕ್ಕಳಿಗೆ ಎಷ್ಟು ನೆರವು?

ಮಕ್ಕಳ ಕೈಗೆ ನೀರಿನ ಬಕೆಟ್ ಕೊಡುವ ಮೊದಲು ಮರವನ್ನು ನೋಡುವುದು ಕಲಿಸಬೇಕು. ಅದಕ್ಕೆ ಸೀಸನ್‌ವಾಚ್ ಬಹಳ ಒಳ್ಳೆಯ ದಾರಿ. ಮರಗಳು ಚಿಗುರುವುದು, ಹೂ ಬಿಡುವುದು, ಕಾಯಾಗುವುದನ್ನು ಜನರೇ ನೋಡಿ ದಾಖಲಿಸುವ ಯೋಜನೆ ಇದು. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂರಕ್ಷಣಾ ಸಂಸ್ಥೆ ನಡೆಸುವ ಇದು 2010ರಲ್ಲಿ ಶುರುವಾದದ್ದು. ಸೇರಲು ದುಡ್ಡು ಕೊಡಬೇಕಿಲ್ಲ.

ಒಂದು ಮರ ಆರಿಸಿ ಸೀಸನ್‌ವಾಚ್‌ನ ವೆಬ್‌ಸೈಟಿನಲ್ಲೋ ಆ್ಯಪಿನಲ್ಲೋ ನೋಂದಾಯಿಸಿ, ವಾರಕ್ಕೊಮ್ಮೆ ಅದನ್ನೇ ನೋಡಬೇಕು. ಚಿಗುರು, ಬಲಿತ ಎಲೆ, ಒಣಗುತ್ತಿರುವ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು: ಒಂದೊಂದಕ್ಕೂ ಇಲ್ಲ, ಸ್ವಲ್ಪ, ತುಂಬಾ ಎಂದು ಗುರುತು ಹಾಕಬೇಕು. ಮರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಂಡರೆ ತುಂಬಾ. ಮಕ್ಕಳು ಎಡವುವುದು ಇಲ್ಲೇ, ಕೈಗೆಟುಕುವ ಕೊಂಬೆ ನೋಡಿ ಇಡೀ ಮರಕ್ಕೆ ಉತ್ತರ ಬರೆದುಬಿಡುತ್ತಾರೆ. ಎದುರಿನ ಫುಟ್‌ಪಾತಿನಲ್ಲಿ ಒಂದು ಜಾಗ ಗೊತ್ತು ಮಾಡಿ, ಪ್ರತಿ ವಾರ ಅಲ್ಲಿಂದಲೇ ನೋಡಿಸಿ.

ಮರದ ಆರೋಗ್ಯಕ್ಕೂ ಇದಕ್ಕೂ ಏನು ಸಂಬಂಧ? ಫೆಬ್ರವರಿಯ ಸುಮಾರಿಗೆ ಹೊಂಗೆ ಎಲೆ ಉದುರಿಸಿದರೆ ಚಿಂತೆಯಿಲ್ಲ, ಹಿಂದೆಯೇ ಚಿಗುರು ಬರುತ್ತದೆ. ಅದೇ ಹೊಂಗೆ ಆಗಸ್ಟ್‌ನಲ್ಲಿ ಒಂದೇ ಪಕ್ಕ ಬೋಳಾದರೆ ಬುಡ ನೋಡಬೇಕು: ಚರಂಡಿಗೋ ಕೇಬಲ್ಲಿಗೋ ಅಗೆಯುವಾಗ ಆ ಕಡೆಯ ಬೇರು ಕತ್ತರಿಸಿರಬಹುದು. ವರ್ಷದ ದಾಖಲೆ ಕೈಯಲ್ಲಿದ್ದ ಮಗುವಿಗೆ ಈ ವ್ಯತ್ಯಾಸ ತಾನೇ ಹೊಳೆಯುತ್ತದೆ. ಹೊಂಗೆ ಎಲೆಯ ಮೇಲಿನ ಗಂಟುಗಳನ್ನು ಕಂಡು ಗಾಬರಿಯಾಗುವವರು ಬಹಳ. ಅವು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿಂದ ಆಗುವಂಥವು, ಬೆಳೆದ ಮರ ಅದರಿಂದ ಸಾಯುವುದಿಲ್ಲ, ಔಷಧ ಹೊಡೆಯುವುದು ಬೇಡ.

ಆದರೆ ಸೀಸನ್‌ವಾಚ್ ಇರುವುದು ಋತು ಗಮನಿಸಲಿಕ್ಕೆ, ಗಾಯ ಗಮನಿಸಲಿಕ್ಕಲ್ಲ. ಅದಕ್ಕೆ ಪಕ್ಕದಲ್ಲೊಂದು ನೋಟ್‌ಬುಕ್ ಬೇಕೇಬೇಕು. ತಿಂಗಳಿಗೊಮ್ಮೆ ಬರೆಯಲಿ: ಮೊಳೆ, ಬೋರ್ಡು, ಬಿಗಿದ ತಂತಿ ಇದೆಯೇ? ಬುಡಕ್ಕೆ ಸಿಮೆಂಟು ಮುಟ್ಟಿದೆಯೇ? ಮರದ ರಸ ಹೀರಿ ಬದುಕುವ ಬದನಿಕೆ ಗಿಡ ಹಬ್ಬಿದೆಯೇ? ಕಾಂಡದಲ್ಲಿ ಅಣಬೆ ಎದ್ದಿದೆಯೇ? ಅಣಬೆ ಕಂಡರೆ ಒಳಗೆ ಕೊಳೆತಿರುವ ಸಾಧ್ಯತೆ ಇದೆ, ಆಗ ಮಕ್ಕಳನ್ನು ಕೆಳಗೆ ನಿಲ್ಲಿಸಬೇಡಿ, ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸಿ. ಕಾಂಡದ ಸುತ್ತಳತೆ ಆರು ತಿಂಗಳಿಗೊಮ್ಮೆ ಸಾಕು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯಬೇಕು, ಅಷ್ಟುದ್ದದ ಒಂದು ಕೋಲು ಕತ್ತರಿಸಿಟ್ಟುಕೊಂಡರೆ ಪ್ರತಿ ಸಲವೂ ಎತ್ತರ ತಪ್ಪುವುದಿಲ್ಲ.

ಮೊಳೆ ಕೀಳುವುದು ದೊಡ್ಡವರ ಕೆಲಸ. ಸುತ್ತಿಗೆಯ ಕೊಕ್ಕೆಯ ಕೆಳಗೆ ಸಣ್ಣ ಮರದ ತುಂಡಿಟ್ಟು ಮೀಟಿದರೆ ತೊಗಟೆ ನಜ್ಜಾಗದು. ತೂತಿಗೆ ಸಿಮೆಂಟು, ಎಂ-ಸೀಲ್ ತುಂಬಬೇಡಿ, ಮರ ತಾನೇ ಮುಚ್ಚಿಕೊಳ್ಳುತ್ತದೆ. ತೊಗಟೆ ಈಗಾಗಲೇ ನುಂಗಿಕೊಂಡ ಮೊಳೆಯನ್ನು ಅಗೆದು ತೆಗೆಯುವುದು ಇನ್ನೂ ಕೆಡುಕು.

ನೀರು ಹಾಕುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಅದನ್ನು ಎಳೆಯ ಸಸಿಗೆ ತಿರುಗಿಸಿ: ಬೇಸಿಗೆಯಲ್ಲಿ ವಾರಕ್ಕೆರಡು ಸಲ, ಸುಮಾರು ಹತ್ತು ಲೀಟರ್, ನಿಧಾನವಾಗಿ. ಬುಡದ ಮಣ್ಣಿನ ಮೇಲೆ ಎರಡು ಮೂರು ಇಂಚು ಒಣಗಿದ ಎಲೆ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ, ತೇವ ನಿಂತು ತೊಗಟೆ ಕೊಳೆಯುತ್ತದೆ.

ಎಂಟು ವರ್ಷದೊಳಗಿನ ಮಕ್ಕಳು ಒಬ್ಬರೇ ದಾಖಲಿಸುವುದು ಕಷ್ಟ, ಅವರು ಹೇಳಲಿ, ನೀವು ತುಂಬಿಸಿ. ಮೊದಲ ಮರವಾಗಿ ಹೊಂಗೆಯನ್ನೋ ಮಳೆಮರವನ್ನೋ ಕೊಡಿ. ಕಂಬದಂತೆ ನಿಲ್ಲುವ ಅಶೋಕ ಬೇಡ, ವರ್ಷವಿಡೀ ಹಸಿರಾಗೇ ಇರುವುದರಿಂದ ಬದಲಾವಣೆ ಬೇಗ ಕಣ್ಣಿಗೆ ಬೀಳದು, ಮಕ್ಕಳು ಬಿಟ್ಟುಬಿಡುತ್ತಾರೆ.